ಇನ್ನೊಂದು ಲೋಟ ನೀರು

ಅಧ್ಯಕ್ಷರಾದ ಹೋಫ್‌ರಾಟ್ ಪ್ರೊಫೆಸರ್ ಡಾಕ್ಟರ್ ವೈನ್‌ತ್ಸೀರ್ಲ್ ಅವರೇ (ಬಿರುದು ಯಾವುದೂ ಬಿಟ್ಟುಹೋಗಿಲ್ಲ ತಾನೆ? ವಿಯೆನ್ನಾದಲ್ಲಿ ಕೊಲೆಗೆ ಕ್ಷಮೆಯುಂಟು, ಬಿರುದು ಮರೆತರೆ ಇಲ್ಲ), ಇಂದು ಎಂಬತ್ತು ತುಂಬಿದ ನಮ್ಮ ಕವಿ ಫ್ಲೋರಾ ಮಾಂಡ್ಲರ್ ಅವರೇ, ದಿನವೂ ನನ್ನ ಕಾಫಿಮನೆಯಲ್ಲಿ ಹರಟೆ ಕೊಚ್ಚಿ ಇವತ್ತೊಂದು ದಿನ ಗಂಭೀರವಾಗಿ ಕೂತಿರುವ ಸಭಿಕರೇ,

ಅಧ್ಯಕ್ಷರು ಈಗಷ್ಟೇ ಬಿಡುಗಡೆ ಮಾಡಿದ ಆಸ್ಟ್ರಿಯಾದ ಕವಿಚರಿತ್ರೆಯನ್ನು ನಾನೂ ತಿರುವಿ ನೋಡಿದೆ. ಎಂಥೆಂಥವರು! ಮಠದ ಗೋಡೆಯೊಳಗೆ ಕೂತು ಹಾಡು ಕಟ್ಟಿದ ಸನ್ಯಾಸಿಗಳು. ಚಕ್ರವರ್ತಿಯ ಕಚೇರಿಯಲ್ಲಿ ಕಡತದಡಿ ನಾಟಕ ಬಚ್ಚಿಟ್ಟುಕೊಂಡ ಗುಮಾಸ್ತರು. ಯುದ್ಧಕ್ಕೆ ಹೋಗಿ ಮರಳದ ಹುಡುಗರು. ಓದುತ್ತಾ ಮೈ ಜುಮ್ಮೆಂದಿತು. ಇಷ್ಟು ಸಣ್ಣ ದೇಶಕ್ಕೆ ಇಷ್ಟೊಂದು ಮಾತು ಎಲ್ಲಿಂದ ಬಂತು? ಬದುಕಿದ್ದಾಗ ಅವರಲ್ಲಿ ಎಷ್ಟೋ ಜನಕ್ಕೆ ಕಾಫಿಗೂ ಗತಿಯಿರಲಿಲ್ಲ, ಸತ್ತ ಮೇಲೆ ಅಮೃತಶಿಲೆಯ ಗೋರಿ. ಸತ್ತವರನ್ನು ಪ್ರೀತಿಸುವುದರಲ್ಲಿ ನಮ್ಮೂರಿನದು ಎತ್ತಿದ ಕೈ.

ಫ್ಲೋರಾ ಅವರ ಪುಟದಲ್ಲಿ ಒಂದು ವಾಕ್ಯವಿದೆ: ‘ತಾಯ್ನಾಡಿನ ಸೆಳೆತದಿಂದ ಶಾಂಘೈ ಬಿಟ್ಟು ಮರಳಿದರು.’ ಹೌದೆ? ಸ್ವಾಮಿ, ಯೆಹೂದಿ ಎಂದು ಅವರನ್ನು ಶಾಂಘೈವರೆಗೆ ಓಡಿಸಿದ್ದೇ ಈ ತಾಯ್ನಾಡು. ಯುದ್ಧ ಮುಗಿದ ಮೇಲೆ, ಸಮುದ್ರದಾಚೆಯ ಹೈಫಾದಲ್ಲಿದ್ದ ತಂಗಿಯ ಬಳಿಗೆ ಹೋಗುವ ದಾರಿಯಲ್ಲಿ, ಸುತ್ತಾದರೂ ಒಂದು ದಿನ ಇಲ್ಲಿ ಇಳಿದರು. ತಮ್ಮ ಮನೆಯ ಬಾಗಿಲು ತಟ್ಟಿದರೆ ಬೇರೆ ಯಾರೋ ಇಣುಕಿ ನೋಡಿ ಮುಚ್ಚಿಕೊಂಡರು. ಬಂದರಿಗೆ ಹೋಗುವ ಸಂಜೆಯ ರೈಲಿಗೆ ಕಾಯಲು ಪೆಟ್ಟಿಗೆ ಸಮೇತ ನಮ್ಮ ಕಾಫಿಮನೆಗೆ ಬಂದು, ಕಿಟಕಿಯ ಪಕ್ಕದ ತಮ್ಮ ಹಳೆಯ ಮೇಜಿಗೆ ಕೂತರು.

ನನಗಾಗ ಹತ್ತೊಂಬತ್ತು. ಅವರ ನಿಷೇಧಿತ ಕವಿತೆಗಳನ್ನು ನೆಲಮಾಳಿಗೆಯಲ್ಲಿ ಕದ್ದು ಓದಿ ಬಾಯಿಪಾಠ ಮಾಡಿದ್ದವಳು. ಅವರೇ ಎದುರಿಗೆ ಬಂದಾಗ ಬಾಯಿ ಕಟ್ಟಿಹೋಯಿತು. ಕಾಫಿಯ ಜೊತೆ ನೀರಿಟ್ಟೆ. ಲೋಟ ಖಾಲಿಯಾಯಿತು, ಇನ್ನೊಂದಿಟ್ಟೆ. ಮತ್ತೊಂದಿಟ್ಟೆ. ಕೇಳದೆಯೇ ನೀರು ಬಂದರೆ ‘ಇನ್ನೂ ಕೂತಿರಿ’ ಎಂದು ಅರ್ಥ, ನೀರು ನಿಂತರೆ ‘ಇನ್ನು ಏಳಿ’ ಎಂದು. ನಿಮಗೆ ಗೊತ್ತಿರುವುದೇ.

ಗಲ್ಲಾದಿಂದ ಅಪ್ಪ ರೇಗಿದರು: “ಏನೇ ಇದು, ಒಂದು ಕಾಫಿಗೆ ಇಡೀ ಡ್ಯಾನ್ಯೂಬ್ ಕುಡಿಸ್ತೀಯಾ?”

ಫ್ಲೋರಾ ತಲೆಯೆತ್ತಿದರು. “ಅಲ್ಲ ಕಣೇ ಹುಡುಗಿ, ನನ್ನ ರೈಲು ತಪ್ಪಿಸ್ಬೇಕು ಅಂತಿದ್ದೀಯಾ?”

“ಹೌದು ಅಮ್ಮಾವ್ರೇ,” ಅಂದೆ. ಅಷ್ಟೇ ಅಂದದ್ದು.

ಪೆಟ್ಟಿಗೆಯನ್ನು ಮೇಜಿನಡಿಗೆ ತಳ್ಳಿದರು. ಆಮೇಲೆ ಪೆನ್ಸಿಲ್ ಕೇಳಿದರು. ರೈಲು ಹೋಯಿತು. ಅಲ್ಲಿಂದೀಚಿನ ಅವರ ಪುಸ್ತಕಗಳೆಲ್ಲ ಹುಟ್ಟಿದ್ದು ಆ ಮೇಜಿನ ಮೇಲೆ. ಏನೂ ಇಲ್ಲದ ಹಾಳೆಯಲ್ಲಿ ಒಂದು ಸಾಲು ಮೂಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಬೆರಗು ನನಗೆ ಇನ್ನೂ ತೀರಿಲ್ಲ.

ಈಗ ಹೇಳಬಾರದ್ದನ್ನು ಹೇಳುತ್ತೇನೆ. ಅಗೋ, ಬಾಗಿಲ ಬಳಿಯಿರುವ ಕಂದು ಪೆಟ್ಟಿಗೆ ಅವರದು. ಸಂಜೆಯ ರೈಲಿಗೆ ಹೊರಟಿದ್ದಾರೆ, ಅದೇ ತಂಗಿಯ ಮನೆಗೆ. ಹೋಗಿ ಬರುತ್ತಾರೆಂದು ನೀವು ತಿಳಿದಿದ್ದೀರಿ. ಬರುವುದಿಲ್ಲ. “ಇಲ್ಲಿ ನನಗ್ಯಾರಿದ್ದಾರೆ ಹೇಳು?” ಎಂದು ನಿನ್ನೆ ನನ್ನನ್ನೇ ಕೇಳಿದರು. ನಾನು ಮದುವೆಯಾಗಲಿಲ್ಲ, ಕಾಫಿಮನೆ ಮಾರಲಿಲ್ಲ, ಆ ಮೇಜಿಗೆ ಬೇರೆಯವರನ್ನು ಕೂರಿಸಲಿಲ್ಲ... ಅದೆಲ್ಲ ಈಗ ಯಾಕೆ?  ಈ ವಯಸ್ಸಿನಲ್ಲೂ ಬಾಯಿ ಕಟ್ಟಿಹೋಯಿತು.

ಅಧ್ಯಕ್ಷರೇ, ಮಾತಾಡಲು ಕರೆದಿರಿ, ಉಪಕಾರವಾಯಿತು. ಕಾಫಿಮನೆಯವಳ ಕಣ್ಣು ಸುಮ್ಮನಿರದು ನೋಡಿ: ಫ್ಲೋರಾ ಅವರ ಮುಂದಿನ ಲೋಟ ಖಾಲಿಯಾಗಿದೆ. ಆ ಹೂಜಿ ಸ್ವಲ್ಪ ಇತ್ತ ಕೊಡಿ.

ಎಲ್ಲರಿಗೂ ನಮಸ್ಕಾರ.