ಕೌದಿಯ ನಾಲ್ಕನೇ ಮೂಲಿ

ಚಾ ಬ್ಯಾಡ್ರಿ ಮದೀನಾಬಿ ಚಾಚಿ, ಕುಡದ ಬಂದೇನಿ... ಕೂಡ್ರಿ, ಏಳಬ್ಯಾಡ್ರಿ. ಜೋರಾಪುರ ಪೇಟಿಯಿಂದ ಟಿಕೋಟಾತನಾ ಬಸ್ಸಿನ್ಯಾಗ ನಿಂತೇ ಬಂದೇನಿ, ನಿಮ್ಮ ಕಟ್ಟಿ ಮ್ಯಾಲ ಹಿಂಗ ಕುಂತರ ಸಾಕು. ಏನ್ ಹೇಳಾಕತ್ತಿದ್ದೆ? ಹಾಂ, ಕೌದಿ. ಎಲ್ಲಾ ವಾಪಸ್ ಬಂದಾವ್ರಿ! ಹುಬ್ಬಳ್ಳಿ ಅಂಗಡ್ಯಾವ್ರು ಗಂಟು ಬಿಚ್ಚಿ ನೋಡಿ, "ಏನವ್ವಾ ದಾನೇಶ್ವರಿ, ಇವನ್ನ ಸತ್ತ ಮನ್ಯಾಗ ಕುಂತು ಹೊಲದಾರೇನು?" ಅಂತ ಕೇಳಿದ್ರು. ನನಗ! ಸೂಪರ್‌ವೈಜರ್‌ಗೆ!

ಯಾಕ ನಗ್ತೀರಿ? ನಗ್ರಿ, ನಗ್ರಿ...

ಮೊದಲ ಹೆಂಗಿತ್ತು ಚಾಚಿ! ಒಂದ ಕೌದಿಗೆ ನೀವೊಂದು ಮೂಲಿ, ಪರಸವ್ವ ಒಂದು ಮೂಲಿ, ಆ ಕಡೆ ಸಾವಂತ್ರವ್ವ, ಗೌತಮಿ. ನಾಕೂ ಮಂದಿ ಮಾತಾಡ್ಕೋತ, ಹೊಲ್ಕೋತ ನಡುವಕ ಬರ್ತಿದ್ರಿ. ಅಲ್ಲಿ ಒಬ್ಬರ ಸಾಲಿಗೆ ಇನ್ನೊಬ್ಬರದು ಕೂಡ್ತಿರ್ಲಿಲ್ಲ. ಶುರು ಆತು ಜಗಳ! "ಹಸರು ಹಚ್ಚ ಬೇ." "ಹಸರು ಬ್ಯಾಡ, ನಿನ್ನ ಗಂಡನ ಅಂಗಿ ಹರದು ಹಚ್ಚು." ನಕ್ಕು ನಕ್ಕು ಏನೋ ಒಂದು ಮಾಡ್ತಿದ್ರಿ. ಒಮ್ಮೆ ನವಿಲಾತು, ಒಮ್ಮೆ ಕಮಾನಾತು. ಇದು ಯಾರ ತಲ್ಯಾಗ ಹೊಳದಿದ್ದು ಅಂತ ಕೇಳಿದ್ರ ಒಬ್ಬರ ಮಾರಿ ಒಬ್ಬರು ನೋಡ್ತಿದ್ರಿ.

ಈಗ ಒಬ್ಬೊಬ್ಬರಿಗೆ ಒಂದೊಂದು ಕೌದಿ. ನಡುವ ಪಡದಾ. ಮಾತಾಡಂಗಿಲ್ಲ. ಹೊಲಿಗಿ ನೆಟ್ಟಗ ಐತಿ, ಅದಕ್ಕ ಹೆಸರಿಡಾಂಗಿಲ್ಲ. ಆದ್ರ ನಡುವ ಏನೂ ಹುಟ್ಟವಲ್ದು ಚಾಚಿ. ನೀವು ಕೆಲಸಾ ಬಿಟ್ಟು ಬಂದ ಮ್ಯಾಲಂತೂ...

ನಾ ಏನ್ ಮಾಡ್ಲಿ? ಸಾವ್ಕಾರ್ರ ಹುಕುಂ! ಬಬಲೇಶ್ವರದಾಗ ಕುಂತವರಿಗೆ ಕೌದಿ ಹೆಂಗ ಆಗ್ತೈತಿ ಅಂತ ಏನ್ ಗೊತ್ತು? "ಮಾತು ಬಂದ್ ಮಾಡಸು" ಅಂದ್ರು, ಮಾಡಿಸ್ದೆ. ಹೇಳಿದ್ದು ಕೇಳಾಕಿ ನಾನು.

ನಾಳೆ ಪಡದಾ ತಗಸ್ತೇನಿ. ಬರ್ರಿ ಚಾಚಿ. ನೀವು ಬಂದ್ರ ಮಾತ್ರ ಕೂಡಿ ಕುಂದರತೀವಿ ಅಂತ ಪರಸವ್ವ ಹಟ ಹಿಡದಾಳ. ನೀವು ಬರಲಿಲ್ಲಂದ್ರ ಬಾಗಲಾ ಹಾಕೂದ ಸೈ. ಎಲ್ಲಾರ ಹೊಟ್ಟಿ ಮ್ಯಾಲೂ... ಹೂಂ ಅನ್ರಿ. ಉಹೂಂ ಅಂದ್ರೂ ನಡೀತೈತಿ. ಹಿಂಗ ಸೂಜಿಗೆ ದಾರ ಪೋಣಿಸ್ಕೋತ ಸುಮ್ಮ ಕುಂತ್ರ ನಾ ಏನಂತ ತಿಳ್ಕೋಳ್ಳಿ?

ಏನರೆ ಕೇಳ್ರಿ! ಕೂಲಿ ಏನ್ ಕೊಡ್ತಿ ಅಂತ ಕೇಳ್ರಿ. ಸಾವ್ಕಾರ್ರು ಒಪ್ಯಾರೇನು ಅಂತ ಕೇಳ್ರಿ...

...ಅದನ್ನ ಯಾಕ ಕೇಳ್ಲಿಲ್ಲ ನೀವು?

ಹುಕುಂ ಅವರದು ಅಂದಮ್ಯಾಲ ಮೊದಲ ಅದನ್ನ ಕೇಳಬೇಕಿತ್ತಲ್ಲ. ಪಡದಾ ತಗಸ್ತೇನಿ ಅಂದೆ, ನೀವು ಹುಬ್ಬು ಸೈತ ಏರಿಸ್ಲಿಲ್ಲ. ಯವ್ವಾ... ನಿಮಗ ಗೊತ್ತಿತ್ತು. ಮೊದಲಿಂದೂ ಗೊತ್ತಿತ್ತು!

ಹಂಗ ನೋಡಬ್ಯಾಡ್ರಿ. ಹೌದು, ಸಾವ್ಕಾರ್ರು ಒಂದು ಮಾತೂ ಅಂದಿರ್ಲಿಲ್ಲ. ನಾನೇ. ಪರಸವ್ವ ಬರಲಾರದ ದಿನ ಆಕಿ ಮೂಲಿಗೆ ನಾ ಕುಂತಿದ್ದೆ, ನೆನಪೈತೇನು? ನನ್ನ ಸಾಲು ಕುಡುಕ ನಡದಂಗ ಸೊಟ್ಟಸೊಟ್ಟ... ನೀವೆಲ್ಲಾ ಬಿದ್ದುಬಿದ್ದು ನಕ್ರಿ. ನಗ್ಕೋತ ನೀವು ಅದರ ತುದಿಗೆ ಕೆಂಪು ಅರಬಿ ತುಂಡು ಹಚ್ಚಿದ್ರಿ, ಗಾಳಿಪಟ ಆತು. ನನ್ನ ಸೊಟ್ಟ ಸಾಲು ಅದರ ಬಾಲಂಗೋಚಿ! ಮುಂದ ಅದನ್ನ ನೋಡಿ ಅಂಗಡ್ಯಾವ್ರು ಇಂಥಾವು ಇನ್ನೂ ಕಳಸ್ರಿ ಅಂದ್ರು. ನನಗ ಗಾಳಿಪಟ ಕಾಣ್ಲಿಲ್ಲ ಚಾಚಿ, ನಿಮ್ಮ ನಗಿ ಅಷ್ಟ ಕೇಳ್ತು. ನೀವು ನಕ್ಕ ಮರುದಿನಾನ ಪಡದಾ ಕಟ್ಟಿಸಿದ್ದೆ. ಈಗೂ ನಿಮ್ಮ ಕಟ್ಟಿ ಮ್ಯಾಲ ಕುಂತು ಸಾವ್ಕಾರ್ರ ಹೆಸರ ಹೇಳಿದೆ. ನಾಚಿಕಿ ಆಗಾಕತ್ತೈತ್ರಿ. ಬಂದಿದ್ದ ತಪ್ಪಾತು, ಏಳ್ತೇನಿ...

ಇದೇನು? ಸೂಜಿ ನನಗ್ಯಾಕ ಕೊಡಾಕತ್ತೀರಿ? ಸರದು ಜಾಗಾ ಯಾಕ ಮಾಡ್ತೀರಿ? ಬ್ಯಾಡ್ರಿ ಚಾಚಿ... ಮೊದಲ ಒಂದೀಟು ಬೈರಿ ನನ್ನ. ಬೈರಿ, ಆಮ್ಯಾಲ ಕುಂದರತೇನಿ.