ನಾಲ್ಕನೇ ಗುರಿ

ಚಿತ್ರಕಲೆಯ ಪದವಿ ಓದುವ ಮಕ್ಕಳು ನೋಡಿ ಬರೆಯಲೆಂದು ಚಿಕ್ಕಮ್ಮ ಎಂಬಾಕೆ ಹನ್ನೊಂದು ವರ್ಷದಿಂದ ಮಾಡೆಲ್ ಆಗಿ ನಿಲ್ಲುತ್ತಾ ಬಂದಿದ್ದಳು. ಅವತ್ತೂ ಬಲಗೈ ಎತ್ತಿ ನಿಂತಿದ್ದಳು. ಪಾದದ ಸುತ್ತ ಸೀಮೆಸುಣ್ಣದ ಗೆರೆ, ಅಲುಗಾಡುವ ಹಾಗಿಲ್ಲ. ಅವಳಿಗೆ ಕಿವಿಯೇ ಇಲ್ಲವೇನೋ ಎಂಬಂತೆ, ಮಗ್ಗುಲಲ್ಲೇ ಇಬ್ಬರು ಮೇಷ್ಟ್ರು ಮುಂದಿನ ವರ್ಷದ ಕಲಿಕೆಯ ಗುರಿಗಳನ್ನು ಬರೆದುಕೊಳ್ಳುತ್ತಿದ್ದರು.

“ನಾಲ್ಕನೇದು ಏನ್ ಹಾಕೋಣ ಸರ್?”

“ವಿದ್ಯಾರ್ಥಿ ಮನುಷ್ಯರನ್ನ ಮನುಷ್ಯರ ಹಾಗೆ ನೋಡೋದು ಕಲೀಬೇಕು ಅಂತ ಹಾಕಿ.”

“ಚೆನ್ನಾಗಿದೆ. ಮುಂದಿನ ವರ್ಷಾನೂ ಇವರನ್ನೇ ಇಟ್ಕೊಳ್ಳೋದಾ?”

“ಯಾರನ್ನ? ಓ, ಇದಾ. ಬೇಡ, ಕೈ ನಡುಗುತ್ತೆ. ಪ್ಲಾಸ್ಟರ್ ಗೊಂಬೆ ತರಿಸ್ತಿದ್ದೀನಿ. ಅದು ಕೆಮ್ಮಲ್ಲ, ನೀರು ಕೇಳಲ್ಲ.”

“ಅವರಿಗೆ ಹೇಳಿದ್ದೀರಾ?”

“ಕೊನೇ ದಿನ ಹೇಳಿದ್ರಾಯ್ತು. ಈಗಲೇ ಹೇಳಿದ್ರೆ ಮುಖ ಜೋಲು ಹಾಕ್ಕೊಂಡು ನಿಂತಿರ್ತಾಳೆ, ಮಕ್ಕಳ ಚಿತ್ರ ಕೆಡುತ್ತೆ.”

ಇಬ್ಬರೂ ನಕ್ಕರು. ಹೊರಟ ಹಿರಿಯ ಮೇಷ್ಟ್ರು ಒಂದು ಗಳಿಗೆ ನಿಂತು, ಅವತ್ತು ಮೊದಲ ಸಲ ಅವಳನ್ನು ದಿಟ್ಟಿಸಿ ನೋಡಿದರು.

“ಏನಮ್ಮಾ, ಮುಖ ಯಾಕೆ ಬದಲಾಯ್ತು? ಮೊದಲಿದ್ದ ಹಾಗೇ ಇಟ್ಕೋ. ಮಕ್ಕಳು ಇನ್ನೂ ಮುಗಿಸಿಲ್ಲ.”

ಅವರು ಬಾಗಿಲು ದಾಟಿ ಹೋದರು. ಚಿಕ್ಕಮ್ಮ ಮುಖವನ್ನು ಮೊದಲಿದ್ದ ಹಾಗೇ ಮಾಡಿಕೊಂಡಳು.