ಕಾರಣ ಹೇಳದ ರಜೆ

ನಡುವಿನ ಕುರ್ಚಿಯಲ್ಲಿ ಕುಳಿತು ಈ ಸಭೆಯನ್ನು ನಡೆಸುತ್ತಿರುವ ಸಣ್ಣ ಧಣಿಗಳೇ, ಅವರ ಬಲಕ್ಕಿರುವ ಬ್ಯಾಂಕಿನ ಮ್ಯಾನೇಜರರೇ, ಎಡಕ್ಕಿರುವ ಶಾಲೆಯ ಹೆಡ್‌ಮಾಸ್ತರರೇ, ಅವರ ಶಾಲೆಯಿಂದಲೇ ತಂದ ಮಕ್ಕಳ ಬೆಂಚುಗಳ ಮೇಲೆ ಮೊಣಕಾಲು ಎದೆಗೆ ತಾಗುವಂತೆ ಕುಳಿತಿರುವ ಉಪ್ಪಿನ ಗದ್ದೆಯ ಅಕ್ಕಂದಿರೇ, ಅಣ್ಣಂದಿರೇ, ಸಭಿಕರೇ,

ಮೈಕು ಬೇಡ ಎಂದು ಮೊದಲೇ ಹೇಳಿದ್ದೆ. ಮೀಸೆ ಕಪ್ಪಗಿದ್ದ ಕಾಲದಿಂದ ಆಳುಗಳ ಸಾಲುಮನೆಗಳ ಮುಂದೆ ನಿಂತು ಕೂಗಿದ ಗಂಟಲು ಇದು. ಆದರೆ ಬೀಳ್ಕೊಡುಗೆ ಎಂದ ಮೇಲೆ ಮೈಕು ಇರಬೇಕಂತೆ, ಭಾಷಣ ಇರಬೇಕಂತೆ, ಗಡಿಯಾರವನ್ನೂ ಕೊಡಬೇಕಂತೆ. ಕೊಟ್ಟಿದ್ದೀರಿ. ಅಲಾರಂ ಇರುವ ಗಡಿಯಾರ. ಊರನ್ನೆಲ್ಲ ಎಬ್ಬಿಸಿದವನಿಗೆ ಅಲಾರಂ ಕೊಡುವುದು ಮೀನಿಗೆ ಈಜು ಕಲಿಸಿದ ಹಾಗೆ. ಇರಲಿ. ಸಂತೋಷವಾಗಿದೆ.

ನಾಳೆಯಿಂದ ನನ್ನ ಜಾಗದಲ್ಲಿ ಸೈರನ್ ಕೂಗುತ್ತದೆ. ನಿನ್ನೆ ಅದನ್ನು ಕಂಬಕ್ಕೆ ಕಟ್ಟುವುದನ್ನು ನಿಂತು ನೋಡಿದೆ. ಒಳ್ಳೆಯ ಸೈರನ್ನೇ. ನನ್ನಂತೆ ಕೆಮ್ಮುವುದಿಲ್ಲ.

ಇನ್ನೊಂದು ಉಪಕಾರವನ್ನು ನೆನೆಯಬೇಕು. ಕೆಲಸ ಬಿಟ್ಟವನು ಸಾಲುಮನೆಯನ್ನೂ ಬಿಡಬೇಕು ಎಂಬುದು ಇಲ್ಲಿಯ ನಿಯಮ. ಹೋದ ವಾರ ಸಣ್ಣ ಧಣಿಗಳು ನನ್ನನ್ನು ಆಫೀಸಿಗೆ ಕರೆದು, ಕುರ್ಚಿ ಕೊಟ್ಟು, "ಮೇಸ್ತ್ರಿ, ಮನೆ ವಿಷಯ ತಲೆ ಕೆಡಿಸ್ಕೋಬೇಡಿ, ನಾನಿದೀನಿ. ವೇದಿಕೆ ಮೇಲೆ ಹೆಂಗಸರಿಗೆ ಎರಡು ಮಾತು ಹೇಳಿ ಸಾಕು. ಸರ್ಕಾರದ ಪುಕ್ಕಟೆ ದುಡ್ಡು ಮೈ ಕೆಡಿಸುತ್ತೆ, ದಿನಾ ಕೆಲಸಕ್ಕೆ ಬನ್ನಿ ಅಂತ. ನೀವು ಹೇಳಿದ್ರೆ ಕೇಳ್ತಾರೆ" ಎಂದರು. ಎಂಥ ದೊಡ್ಡ ಮನಸ್ಸು! ಧಣಿಗಳು ಯಾಕೋ ಬೇಡವೆಂದು ತಲೆಯಾಡಿಸುತ್ತಿದ್ದಾರೆ. ಇದನ್ನು ಇಲ್ಲಿ ಹೇಳಬಾರದಿತ್ತೇನೋ. ಆ ಎರಡು ಮಾತಿಗೆ ಬರುತ್ತೇನೆ.

ಮೊದಲು, ಹೊರಗಿನಿಂದ ಬಂದ ಅತಿಥಿಗಳಿಗೆ ನನ್ನ ಕೆಲಸ ಏನೆಂದು ತಿಳಿಯಬೇಡವೇ? ಪಾತಿಯಲ್ಲಿ ಹರಳುಗಟ್ಟಿದ ಉಪ್ಪನ್ನು ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕಬೇಕು. ಬಿಸಿಲೇರಿದ ಮೇಲೆ ಆ ನೀರಿನಲ್ಲಿ ನಿಲ್ಲಲಾಗುವುದಿಲ್ಲ. ಕಾಲಿನ ಬಿರುಕಿಗೆ ಉಪ್ಪು ಇಳಿಯುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಎಲ್ಲರನ್ನೂ ಎಬ್ಬಿಸಬೇಕು. ಸಾಲಿನ ತುದಿಯಿಂದ ಶುರುಮಾಡಿ ಬಾಗಿಲು ಬಾಗಿಲಿಗೆ ಹೋಗಿ ಕೂಗುತ್ತಿದ್ದೆ. ಬರುವವರು ಹೊರಗೆ ಬರುತ್ತಿದ್ದರು. ಬಾರದವರು ಕಾರಣ ಹೇಳಬೇಕಿತ್ತು. ಕಾರಣವನ್ನು ತೂಗುವುದು ನನ್ನ ಕೆಲಸ. ಜ್ವರ, ಹೆರಿಗೆ, ಸಾವು, ಇವು ತೂಗುತ್ತಿದ್ದವು. ಕಾಲು ಬಿರಿದಿದೆ ಎಂದರೆ ತೂಗುತ್ತಿರಲಿಲ್ಲ. ಯಾರ ಕಾಲು ಬಿರಿದಿರಲಿಲ್ಲ?

ಗಾಡಿ ಹೊಡೆಯುವವನೊಬ್ಬನ ಅತ್ತೆ ಎರಡು ಸಲ ತೀರಿಹೋಗಿದ್ದಳು. ಮೂರನೆಯ ಸಲ ತೀರಿಕೊಂಡ ದಿನ ಬಾಗಿಲು ತೆರೆದವಳು ಅವಳೇ. "ಏನಪ್ಪಾ ಮೇಸ್ತ್ರಿ, ಬೆಳಗಾಗೆದ್ದು ಯಾಕೆ ಬಾಯ್ಬಿಟ್ಕೊಂಡು ನಿಂತಿದೀಯ?" ಎಂದಳು. ಈಗ ನಗುತ್ತಿದ್ದೀರಿ, ಸರಿ. ಆದರೆ ಆ ಮನುಷ್ಯ ಒಂದು ದಿನ ಮಲಗಬೇಕೆಂದರೆ ಮನೆಯಲ್ಲಿ ಒಂದು ಹೆಣ ಬೀಳಬೇಕಿತ್ತಲ್ಲ? ಅದು ನನಗೆ ಆಗ ಹೊಳೆಯಲಿಲ್ಲ.

ಕೊನೆಯ ಬಾಗಿಲು ನನ್ನ ಮನೆಯದು. ನನ್ನ ಹೆಂಡತಿಯೂ ಹಲಗೆ ಎಳೆಯುವವಳೇ. ಎಡಗೈ ಮುಂದಿಟ್ಟು ಎಳೆಯುತ್ತಾಳೆ, ಅವಳ ರಾಶಿ ಒಂದು ಕಡೆ ವಾಲಿರುತ್ತದೆ, ಅದಕ್ಕೆ ಎಲ್ಲರೂ ಅವಳನ್ನು ಎಡಚಿ ಎನ್ನುತ್ತಾರೆ. ಪಕ್ಷಪಾತದ ಮಾತು ಬರಬಾರದೆಂದು, ಅದೇ ಮನೆಯಿಂದ ಎದ್ದು ಹೊರಟ ನಾನು ಸಾಲೆಲ್ಲ ಸುತ್ತಿ ಬಂದು, ನನ್ನದೇ ಬಾಗಿಲಿನ ಮುಂದೆ ನಿಂತು, "ಎಡಚೀ, ಹೊತ್ತಾಯ್ತು!" ಎಂದು ಕೂಗುತ್ತಿದ್ದೆ. ಅವಳು ಹಲಗೆ ಹಿಡಿದು ಹೊರಗೆ ಬರುತ್ತಿದ್ದಳು. ದಾರಿಯಲ್ಲಿ ನಾವು ಮಾತಾಡುತ್ತಿರಲಿಲ್ಲ. ಮೇಸ್ತ್ರಿಗೂ ಆಳಿಗೂ ಏನು ಮಾತು?

ಆಮೇಲೆ ಸರ್ಕಾರದ ಹಣ ಬರತೊಡಗಿತು. ತಿಂಗಳಿಗೊಮ್ಮೆ, ಹೆಂಗಸರ ಖಾತೆಗೆ, ನೇರವಾಗಿ. ಮ್ಯಾನೇಜರ್ ಸಾಹೇಬರಿಗೆ ನೆನಪಿರಬೇಕು, ಮೊದಲ ತಿಂಗಳು ಇವರೆಲ್ಲ ಬ್ಯಾಂಕಿನ ಮೆಟ್ಟಿಲ ಮೇಲೆ ಮದುವೆ ಮನೆಗೆ ಬಂದವರಂತೆ ಕುಳಿತಿದ್ದರು. ಅದರಲ್ಲಿ ಯಾರೂ ಮಹಡಿ ಕಟ್ಟಿಸಲಿಲ್ಲ. ಪಕ್ಕದ ಮನೆಯ ಅತ್ತಿಗೆ ವರ್ಷಗಟ್ಟಲೆ ನೋಯುತ್ತಿದ್ದ ಹಲ್ಲು ಕೀಳಿಸಿಕೊಂಡಳು. ಒಬ್ಬಳು ಸಾಲ ತೀರಿಸಿ ಕಿರಾಣಿ ಅಂಗಡಿಯ ಮುಂದೆ ತಲೆಯೆತ್ತಿ ನಡೆದಳು. ನಮ್ಮವಳು ಏನನ್ನೂ ಕೊಳ್ಳಲಿಲ್ಲ. ಕೇಳಿದರೆ, "ಇರ್ಲಿ ಬಿಡ್ರಿ, ಅಲ್ಲೇ ಇರ್ಲಿ" ಎಂದಳು.

ಒಂದು ಬೆಳಿಗ್ಗೆ ಎಂದಿನಂತೆ ಕೂಗಿದೆ. ಒಳಗಿನಿಂದಲೇ ಉತ್ತರ ಬಂತು.

"ಇವತ್ತು ಬರಲ್ಲ."

ನಿಂತೆ. ಕಾರಣ ಬರಲಿಲ್ಲ.

"ಏನಾಯ್ತು?" ಎಂದೆ.

"ಏನೂ ಆಗಿಲ್ಲ."

"ಜ್ವರವಾ?"

"ಏನೂ ಆಗಿಲ್ಲ ಅಂದ್ನಲ್ಲ. ಹೋಗಿ, ಹೊತ್ತಾಯ್ತು ನಿಮಗೆ."

ಸಭಿಕರೇ, ತಕ್ಕಡಿಯ ಒಂದು ತಟ್ಟೆಯಲ್ಲಿ ಏನನ್ನೂ ಇಡದೆ ತೂಗು ಎಂದರೆ ಏನು ಮಾಡುವುದು? ನಾನು ಧಣಿಗಳ ಬಳಿ ಹೋಗಿ ಅವಳಿಗೆ ಜ್ವರ ಎಂದೆ. ಆಗ ದೊಡ್ಡ ಧಣಿಗಳು ಇದ್ದರು, ಕರುಣಾಳುಗಳು, ಮಾತ್ರೆ ಕೊಟ್ಟು ಕಳಿಸಿದರು. ಮಧ್ಯಾಹ್ನ ಮನೆಗೆ ಹೋದೆ. ಅವಳು ಹೊಸ್ತಿಲ ಮೇಲೆ ಕುಳಿತು ಎರಡೂ ಕಾಲನ್ನು ಮುಂದೆ ಚಾಚಿಕೊಂಡಿದ್ದಳು. ಹಿಮ್ಮಡಿಗೆ ಎಣ್ಣೆ ಹಚ್ಚಿದ್ದಳು.

"ಏನ್ ಮಾಡ್ತಿದೀಯ?"

"ಕಾಲು ನೋಡ್ತಿದೀನಿ."

"ಅದರಲ್ಲಿ ನೋಡೋದೇನಿದೆ?"

"ಒಣಗಿದ್ರೆ ಕೂಡ್ಕೊಳ್ಳುತ್ತಾ ಅಂತ. ಒಣಗೋಕೆ ಬಿಟ್ಟೇ ಇರ್ಲಿಲ್ಲವಲ್ಲ."

ನಾನು ನನ್ನ ಕಾಲು ನೋಡಿಕೊಂಡೆ. ಬೂಟು ಹಾಕಿದ್ದೆ. ಮೇಸ್ತ್ರಿಗೆ ಬೂಟು ಕೊಡುತ್ತಿದ್ದರು.

ಮಾತ್ರೆ ಕೊಟ್ಟೆ, ಸೆರಗಿಗೆ ಕಟ್ಟಿಕೊಂಡಳು. ಮಾರನೆಯ ದಿನ ನಾನು ಕೂಗುವ ಮೊದಲೇ ಎದ್ದು ಆಫೀಸಿಗೆ ಹೋಗಿ, ಮಾತ್ರೆಯನ್ನು ಮೇಜಿನ ಮೇಲಿಟ್ಟು, "ಧಣೀ, ಯಾರಿಗಾದ್ರೂ ಜ್ವರ ಬಂದ್ರೆ ಕೊಡಿ. ನಂಗೇನೂ ಆಗಿರ್ಲಿಲ್ಲ, ಸುಮ್ನೆ ಬರ್ಲಿಲ್ಲ" ಎಂದು ಹೇಳಿ, ಹಲಗೆ ಹಿಡಿದು ಪಾತಿಗೆ ಇಳಿದಳು. ಅವಳ ರಾಶಿ ಅಂದು ಎಲ್ಲರಿಗಿಂತ ದೊಡ್ಡದಿತ್ತು. ವಾಲಿತ್ತು, ಆದರೆ ದೊಡ್ಡದಿತ್ತು.

ಆ ಹಣದಲ್ಲಿ ತಿಂಗಳು ಕಳೆಯಲಾಗುವುದಿಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು. ಒಂದೊಂದು ದಿನ ಸುಮ್ಮನೆ ಕೂರಬಹುದು, ಅಷ್ಟೇ. ಆದರೆ ಅವಳ ಹಿಂದೆ ಇನ್ನೊಂದು ಬಾಗಿಲಿನಿಂದಲೂ "ಬರಲ್ಲ" ಬಂತು. ಮತ್ತೊಂದರಿಂದಲೂ. ನನಗೆ ಕೋಪ ಬರಬೇಕಿತ್ತು, ಬಂತು ಕೂಡ. ಕಾಲ ಕಳೆದಂತೆ ಕೋಪಕ್ಕೂ ದಣಿವಾಯಿತು. ಹೆಂಗಸರಿಗೂ ಬೂಟು ಬಂದದ್ದು ಆ ವರ್ಷವೇ. ಅದು ದೊಡ್ಡ ಧಣಿಗಳ ಔದಾರ್ಯ ಎಂದು ನಾನೇ ಈ ಸಭೆ ಕೂಡಿರುವ ಇದೇ ಉಗ್ರಾಣದಲ್ಲಿ ನಿಂತು ಹೇಳಿದ್ದೇನೆ. ನೀವು ಚಪ್ಪಾಳೆ ತಟ್ಟಿದ್ದಿರಿ. ನಮ್ಮವಳು ತಟ್ಟಿರಲಿಲ್ಲ.

ಆ ಎರಡು ಮಾತಿಗೆ ಬರುತ್ತೇನೆ ಎಂದೆನಲ್ಲವೇ? ಬರುತ್ತಿದ್ದೇನೆ. ಮಳೆಗಾಲ ತಲೆಯ ಮೇಲಿದೆ, ಉಪ್ಪು ಇನ್ನೂ ಪಾತಿಯಲ್ಲೇ ಇದೆ, ಧಣಿಗಳ ಆತಂಕ ಸುಳ್ಳಲ್ಲ. ಒಂದು ಮಳೆ ಬಿದ್ದರೆ ಎಲ್ಲರ ಬೆವರೂ ಕರಗಿ ಹೋಗುತ್ತದೆ. ಇವತ್ತು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ಆ ಎರಡು ಮಾತನ್ನು ಅಭ್ಯಾಸ ಮಾಡುತ್ತಿದ್ದೆ. ಅವಳು ಹಿಂದಿನಿಂದ ಕೇಳಿಸಿಕೊಂಡಳು.

"ಹಿಟ್ಟಿನ ಗಿರಣಿ ಹಿಂದೆ ಒಂದು ಕೋಣೆ ಖಾಲಿ ಇದೆ" ಎಂದಳು. "ಹೋಗಿ ನೋಡ್ಕೊಂಡು ಬಂದಿದೀನಿ. ಬಾಡಿಗೆ ನನ್ನ ದುಡ್ಡಲ್ಲಿ ಆಗುತ್ತೆ."

"ದಿನಾ ಗಿರಣಿ ಸದ್ದು ಕೇಳ್ಬೇಕಲ್ಲೇ."

"ಇಷ್ಟು ವರ್ಷ ನಿಮ್ಮ ಸದ್ದು ಕೇಳಿಲ್ವಾ?"

ಮತ್ತೆ, ನನ್ನ ಅಂಗಿಯ ಗುಂಡಿ ಹಾಕುತ್ತಾ, "ಹೇಳೋದಿದ್ರೆ ಹೇಳಿ. ನಾನೇನೂ ಅನ್ನಲ್ಲ. ಆದ್ರೆ ಮನೆಗೋಸ್ಕರ ಹೇಳ್ಬೇಡಿ" ಎಂದಳು.

ಅವಳು ಈ ಸಭೆಯಲ್ಲಿ ಇದ್ದಾಳೋ ಇಲ್ಲವೋ ನನಗೆ ಇಲ್ಲಿಂದ ಕಾಣುತ್ತಿಲ್ಲ. ಬಾಗಿಲಿನ ಬೆಳಕು ಕಣ್ಣಿಗೆ ಹೊಡೆಯುತ್ತಿದೆ. ಬರುತ್ತೀಯಾ ಎಂದು ನಾನು ಕೇಳಲಿಲ್ಲ.

ಸರಿ. ಈಗ ಆ ಎರಡು ಮಾತು.

ಸಣ್ಣ ಧಣಿಗಳೇ, ಆ ಮಾತನ್ನು ನಾನು ಇವತ್ತು ಹೇಳುವುದಿಲ್ಲ. ಗಂಟಲು ಸರಿಯಾಗಿದೆ. ಜ್ವರವಿಲ್ಲ. ಮನೆಯಲ್ಲಿ ಯಾರೂ ತೀರಿಕೊಂಡಿಲ್ಲ. ಏನಾಯ್ತು ಮೇಸ್ತ್ರಿ ಎಂದು ನೀವು ಕೇಳಬಹುದು. ಬಾಗಿಲ ಹೊರಗೆ ಹಾಗೆ ಕೇಳುತ್ತಾ ನಿಲ್ಲುವುದು ಎಷ್ಟು ಕಷ್ಟವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಏನೂ ಆಗಿಲ್ಲ.

ಹೆಡ್‌ಮಾಸ್ತರರಲ್ಲಿ ಒಂದು ವಿನಂತಿ. ಸಭೆ ಮುಗಿದ ಮೇಲೆ ಈ ಬೆಂಚುಗಳನ್ನು ಹಿಂದಕ್ಕೆ ಒಯ್ಯುವ ಗಾಡಿ ಗಿರಣಿಯ ಹಾದಿಯಲ್ಲೇ ಹೋಗುತ್ತದೆ. ಅದರಲ್ಲಿ ನಮ್ಮದೊಂದು ಪೆಟ್ಟಿಗೆಗೆ, ಒಂದು ಮಂಚಕ್ಕೆ ಜಾಗ ಸಿಕ್ಕರೆ ಉಪಕಾರವಾಗುತ್ತದೆ. ಈ ಗಡಿಯಾರವನ್ನು ಮಾತ್ರ ಕೈಯಲ್ಲೇ ಹಿಡಿದುಕೊಂಡು ಹೋಗುತ್ತೇನೆ. ಅದರ ಅಲಾರಂ ನಿಲ್ಲಿಸುವುದು ಹೇಗೆ ಎಂದು ತಿಳಿದವರು ಯಾರಾದರೂ ನಾನು ವೇದಿಕೆ ಇಳಿದಾಗ ತೋರಿಸಿಕೊಡಿ. ನಾಳೆ ಅವಳು ಏಳುತ್ತಾಳೋ ಮಲಗಿಯೇ ಇರುತ್ತಾಳೋ, ನನಗೆ ಗೊತ್ತಿಲ್ಲ.

ಇಷ್ಟು ಹೊತ್ತು ಮೊಣಕಾಲು ಮಡಚಿ ಕುಳಿತು ಕೇಳಿದ್ದೀರಿ. ಇನ್ನು ಕಾಲು ಚಾಚಿಕೊಳ್ಳಿ. ಎಲ್ಲರಿಗೂ ವಂದನೆಗಳು, ನಮಸ್ಕಾರ.